ತಂಗಿಯ ಮಾತಿನ ಮೇಲೆ ಶಹನಾಯಿ

ಟೀವಿಯಲ್ಲಿ ತಂಗಿ ನಳಿನಿ ಮಾನ್ವಿಯ ನಮ್ಮ ಮನೆಯ ಮಾಳಿಗೆ ಮೇಲೆ ಹಪ್ಪಳ ಹರವುತ್ತ, ಕ್ಯಾಮೆರಾ ಹಿಡಿದಿದ್ದ ನನ್ನ ಕಡೆ ತಿರುಗಿ ಏನೋ ಹೇಳಿ ನಕ್ಕಳು. ಕೇಳಿಸಿದ್ದು ಮಾತ್ರ ಶಹನಾಯಿ!

ತೀರಿಹೋದ ಅವಳ ವಾಯ್ಸ್ ಉಳಿದಿದ್ದುದು ಆ ಒಂದೇ ಹಳೇ ವಿಡಿಯೊ ಕ್ಯಾಸೆಟ್ಟಿನಲ್ಲಿ. ಅದನ್ನು ಡಿವಿಡಿ ಮಾಡಿಕೊಟ್ಟ ರಾಯಚೂರಿನ ಸ್ಟುಡಿಯೊಗೆ ಓಡಿದೆ.

“ಬರೇ ಗಾಳಿ, ಗದ್ದಲ ಇತ್ತರೀ ಮೇಡಂ. ಕಂಪ್ಯೂಟರ್‌ನ್ಯಾಗ ಅದನ್ನ ತೆಗೆದು ಮ್ಯೂಸಿಕ್ ಹಾಕೀನಿ. ‘ನೈಸಾಗಿ ಮಾಡ್ರಿ’ ಅಂತ ನೀವೇ ಅಂದಿದ್ರಲ್ಲ?” ಎಂದರು ಮಾಲೀಕರು.

“ಹಳೇ ಕ್ಯಾಸೆಟ್ಟು?”

“ಪ್ಲೇಯರ್‌ನ್ಯಾಗ ಸಿಕ್ಕು ಹರಿದು ಹೋತ್ರಿ. ಕಂಪ್ಯೂಟರ್‌ನ್ಯಾಗಿಂದೂ ಡಿಲೀಟ್ ಮಾಡೀನಿ. ಪಿಕ್ಚರ್ ಕ್ಲಿಯರ್ ಅದ ಅಲ್ರೀ!”

ಈಗ ಸೌಂಡ್ ಮ್ಯೂಟ್ ಮಾಡಿ ಅವಳ ತುಟಿಗಳನ್ನೇ ನೋಡುತ್ತೇನೆ. ‘ಅಕ್ಕಾ’ ಎಂದದ್ದು ತಿಳಿಯುತ್ತದೆ. ಮುಂದಿನದು, ಎಷ್ಟು ಸಲ ರಿವೈಂಡ್ ಮಾಡಿದರೂ ತಿಳಿಯುವುದಿಲ್ಲ.