ಇಬ್ಬರ ಕೈಯ ಒಂದು ರೊಟ್ಟಿ

ಅವರ ಬಲ ಅಂಗೈಯಲ್ಲಿ ರೇಖೆಗಳು ಕಾಣಿಸುತ್ತಿರಲಿಲ್ಲ. ಇಪ್ಪತ್ತು ವರ್ಷ ಬಿಸಿ ಹಿಟ್ಟು ನಾದಿ, ಜೋಳದ ರೊಟ್ಟಿ ತಟ್ಟಿ, ಕಾದ ಹೆಂಚಿನ ಮೇಲೆ ಬರಿಗೈಯಲ್ಲಿ ಮಗುಚಿ ಹಾಕಿದ ಆ ಅಂಗೈ ಹಳೆಯ ಒರಳುಕಲ್ಲಿನಂತೆ ನುಣುಪಾಗಿ ಸವೆದಿತ್ತು. ಹೊಳೆದಂಡೆಗೆ ಬಂದಿದ್ದ ಕೈನೋಡುವವನೊಬ್ಬ ಅದನ್ನು ಅತ್ತಿತ್ತ ತಿರುಗಿಸಿ ಪೆಚ್ಚಾಗಿ ಕುಳಿತಾಗ ಅವರು ನಕ್ಕಿದ್ದರು: “ಬರೆದಿದ್ದೆಲ್ಲ ನಾನೇ ಒರೆಸಿ ಹಾಕೀನಿ, ನೀನೇನು ಓದ್ತಿಯಪ್ಪಾ? ಕುಂತ್ಕೊ, ರೊಟ್ಟಿ ತಿನ್ನು.”

ಹೊನ್ನಾಳಿಯಲ್ಲಿ ಖಾನಾವಳಿ ನಡೆಸುತ್ತಿದ್ದ ಈ ವಿಧವೆಯನ್ನು ನಾವೆಲ್ಲ ಅಕ್ಕಾವರು ಎಂದೇ ಕರೆಯುತ್ತಿದ್ದೆವು. ಊರಿನವರು ಇಂದಿಗೂ ಅವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಗಳೂರಿನ ಕಡೆಯ ದಿಕ್ಕಿಲ್ಲದ ಹೆಂಗಸೊಬ್ಬಳಿಗೆ ಅವರು ಮರುಗಿ ಅಡುಗೆಮನೆಯಲ್ಲಿ ಜಾಗ ಕೊಟ್ಟರು. ಆ ಪುಣ್ಯವೇ ಮುಳುಗುತ್ತಿದ್ದ ಖಾನಾವಳಿಯನ್ನು ಎತ್ತಿ ನಿಲ್ಲಿಸಿತು ಎಂಬುದು ಆ ಕಥೆ. ನಾನು ಇದನ್ನು ಒಪ್ಪುವವನಲ್ಲ. ಮೂರನೆಯ ತರಗತಿಗೆ ಶಾಲೆ ಬಿಟ್ಟು, ಆಮೇಲೆ ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಓದಿ ನನ್ನಷ್ಟಕ್ಕೆ ಕಲಿತವನು ನಾನು. ಓದಿದ್ದನ್ನೂ ಎರಡು ಸಲ ಅನುಮಾನಿಸದೆ ನಂಬಿದ್ದಿಲ್ಲ. ಈ ಸಂಗತಿಯಾದರೋ ಓದಿ ತಿಳಿದದ್ದಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡದ್ದು.

ಆಗ ನಾನು ದಾವಣಗೆರೆಯಿಂದ ಹೊನ್ನಾಳಿ, ನ್ಯಾಮತಿಗಳ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಕಂಡಕ್ಟರನಾಗಿದ್ದೆ. ಪೆಟ್ರೋಲು ಸಿಗದ ದಿನಗಳು. ಬಸ್ಸು ಓಡುತ್ತಿದ್ದುದು ಬೆನ್ನಿಗೆ ಕಟ್ಟಿದ ಕೊಳವೆಯಲ್ಲಿ ಇದ್ದಿಲು ಸುಟ್ಟು ಬರುವ ಹೊಗೆಯಿಂದ. ಹೊನ್ನಾಳಿಯಲ್ಲಿ ಡ್ರೈವರ್ ಸಾಹೇಬರು ಬೂದಿ ಕೆದರಿ ತೆಗೆದು ಹೊಸ ಇದ್ದಿಲು ತುಂಬಲು ಇಪ್ಪತ್ತೈದು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಪ್ರಯಾಣಿಕರ ಊಟ ಮುಗಿಯಬೇಕು. ಮೊದಲಾದರೆ ತೊಂದರೆಯಿರಲಿಲ್ಲ, ಅನ್ನ ಬಡಿಸುತ್ತಿದ್ದರು. ಒಂದು ಹಂಡೆ ಕುದಿಸಿದರೆ ಇಡೀ ಬಸ್ಸು ಉಣ್ಣುತ್ತಿತ್ತು. ಅಕ್ಕಿಗೆ ಸರ್ಕಾರದ ಕಟ್ಟುಪಾಡು, ರೇಷನ್ನು ಬಂದ ಮೇಲೆ ಗತಿಯಾದದ್ದು ಜೋಳ. ರೊಟ್ಟಿ ಹಂಡೆಯಲ್ಲಿ ಕುದಿಯುವ ವಸ್ತುವಲ್ಲ; ಒಂದೊಂದೂ ಕೈಯಿಂದಲೇ ಬರಬೇಕು. ಅದೇ ವರ್ಷ ಅಕ್ಕಾವರ ಬಲ ಮಣಿಕಟ್ಟು ಊದಿ ಮುಷ್ಟಿ ಕಟ್ಟದಂತಾಯಿತು. ರೊಟ್ಟಿಗೆ ಉಳಿದವಳು ಅವರ ನಾದಿನಿ ಒಬ್ಬಳೇ.

ಬಸ್ಸಿನ ಹಾರನ್ ಕೂಗಿದಾಗ ಪಂಕ್ತಿಯ ಕೊನೆಯವರಿಗೆ ಮೊದಲನೆಯ ರೊಟ್ಟಿಯೇ ಬಂದಿರುತ್ತಿರಲಿಲ್ಲ. “ಏನ್ರೀ ಅಕ್ಕಾರೆ, ನನ್ನ ರೊಟ್ಟಿ ಹಿಂದ್ಲ ಬಸ್ಸಿಗೆ ಬರ್ತೈತೇನು?” ಎಂದು ಒಬ್ಬ ಹಂಗಿಸಿದರೆ, ಇನ್ನೊಬ್ಬ ಬದನೆಕಾಯಿ ಪಲ್ಯವನ್ನು ಬರಿದೇ ಒಂದಿಷ್ಟು ನೆಕ್ಕಿ, ಉಳಿದದ್ದನ್ನು ಎಲೆಯಲ್ಲೇ ಬಿಟ್ಟು ಎದ್ದು ಓಡುತ್ತಿದ್ದ. ಅಕ್ಕಾವರು ಪಂಕ್ತಿ ಎದ್ದ ಮೇಲೆ ಹಿತ್ತಲಿಗೆ ಹೋಗುತ್ತಿದ್ದರು. ಉಂಡು ಮಡಿಸಿ ಬಿಸಾಡಿದ ಮುತ್ತುಗದ ಎಲೆಗಳನ್ನು ಒಂದು ಕೋಲಿನಿಂದ ಬಿಚ್ಚಿ ಬಿಚ್ಚಿ ನೋಡುತ್ತಿದ್ದರು. ಯಾರ ಎಲೆಯಲ್ಲಿ ಎಷ್ಟು ಉಳಿದಿದೆ, ಏನು ಉಳಿದಿದೆ ಎಂಬುದೇ ಅವರಿಗೆ ಪ್ರಮಾಣ. “ಬಾಯಿ ಹೊಗಳ್ತೈತೆ, ಬಾಯಿ ತೆಗಳ್ತೈತೆ. ಎಲೆ ಎರಡೂ ಮಾಡಂಗಿಲ್ಲ. ಎಲೆ ನೋಡಿ ಮಾತಾಡು,” ಎನ್ನುವುದು ಅವರ ಮಾತು.

ಒಂದು ದಿನ ಬಸ್ಸಿನ ಸಾಹುಕಾರರು ನನ್ನ ಕೈಲಿ ಹೇಳಿ ಕಳಿಸಿದರು: ಎಂಟು ದಿನ ನೋಡುತ್ತೇನೆ, ಜನ ಹಸಿದು ಬಸ್ಸು ಹತ್ತುವುದು ನಿಲ್ಲದಿದ್ದರೆ ಊಟದ ನಿಲುಗಡೆಯನ್ನು ನ್ಯಾಮತಿಗೆ ಬದಲಿಸುತ್ತೇನೆ. ಬಸ್ಸು ತಪ್ಪಿದರೆ ಆ ಖಾನಾವಳಿಗೆ ವಾರದ ಸಂತೆಯ ನಾಲ್ಕು ಜನ ಬಿಟ್ಟರೆ ಉಣ್ಣುವವರಿರಲಿಲ್ಲ. ಸುದ್ದಿಯನ್ನು ಅಕ್ಕಾವರಿಗೆ ಮುಟ್ಟಿಸಿದೆ. ಅವರು ಕೇಳಿಸಿಕೊಂಡು, ಊದಿದ ಮಣಿಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು.

ಜಗಳೂರಿನ ಹೆಂಗಸು ಕೆಲಸ ಕೇಳಿಕೊಂಡು ಬಂದದ್ದು ಮರುದಿನ. ಅಕ್ಕಿ ಗಿರಣಿಯಲ್ಲಿ ಕೇರುವ ಕೆಲಸದಲ್ಲಿದ್ದವಳು. ಗಿರಣಿ ನಿಂತು ಕೂಲಿ ಹೋಗಿತ್ತು. ಮರುಕದ ಕಥೆ ಹೇಳುವವರು ಅಕ್ಕಾವರು ಅವಳಿಗೆ ಹೇಳಿದ ಮಾತನ್ನು ಕೇಳಬೇಕಿತ್ತು. ಹೆಸರು ಕೇಳುವ ಮೊದಲೇ, “ಕೈ ತೋರ್ಸು,” ಎಂದರು. ಅಂಗೈಯನ್ನು ಹೆಬ್ಬೆರಳಿಂದ ಒತ್ತಿ ನೋಡಿದರು. “ಮೂರು ದಿನ ಹೊಟ್ಟೆಗೆ ಹಾಕ್ತೀನಿ. ಎಲೆ ಖಾಲಿ ಆದ್ವೋ, ಇರು. ಆಗ್ಲಿಲ್ವೋ, ಇದೇ ಬಸ್ಸು ಹತ್ತು. ಆಮ್ಯಾಲೆ ಅಳಬ್ಯಾಡ.”

ಎರಡನೆಯ ಒಲೆ ಹೊತ್ತಿಸಿದರು. ಫಲ ಮಾತ್ರ ತಿರುಗುಮುರುಗಾಯಿತು. ಆ ಅಡುಗೆಮನೆಯ ಪದ್ಧತಿ ಹೀಗಿತ್ತು: ತಟ್ಟಿದವಳೇ ಬೇಯಿಸಬೇಕು, ಒಬ್ಬಳು ತಟ್ಟಿದ ರೊಟ್ಟಿಗೆ ಇನ್ನೊಬ್ಬಳು ಕೈ ಹಾಕುವುದು ಅವಮಾನ. ಜಗಳೂರಿನವಳ ರೊಟ್ಟಿ ಮೊರದಗಲ; ನಾದಿನಿಯದು ಸಣ್ಣದು, ತೆಳುವು. ಪಂಕ್ತಿಯಲ್ಲಿ ಜಗಳ ಹುಟ್ಟಿತು. “ಅವನ ಎಲೆಗೆ ಹುಣ್ಣಿಮೆ ಚಂದ್ರ, ನನ್ನ ಎಲೆಗೆ ಬಿದಿಗೆ ಚಂದ್ರನೇನ್ರಿ? ತಗೊಂಡು ಹೋಗ್ರಿ, ದೊಡ್ಡದು ತರ್ರಿ!” ಎಂದು ರೊಟ್ಟಿ ಹಿಂದಿರುಗತೊಡಗಿದವು. ಹಟಕ್ಕೆ ಬಿದ್ದು ನಾದಿನಿ ತಾನೂ ದೊಡ್ಡದು ತಟ್ಟಿದಳು. ಅವು ಹೆಂಚಿನ ಮೇಲೆ ಹರಿದವು. ಮೂರನೆಯ ದಿನ ಹಿತ್ತಲಲ್ಲಿ ಕೋಲು ಹಿಡಿದು ನಿಂತ ಅಕ್ಕಾವರ ಮುಖವನ್ನು ನಾನು ಮರೆತಿಲ್ಲ. ಊಟ ಉಳಿಸಿದ ಎಲೆಗಳು ಹಿಂದೆಂದಿಗಿಂತ ಹೆಚ್ಚಾಗಿದ್ದವು.

“ನಾಳೆ ಅವಳಿಗೊಂದು ಟಿಕೀಟು ಹರಿ,” ಎಂದರು.

ನನಗೆ ತಡೆಯಲಾಗಲಿಲ್ಲ. “ಅಕ್ಕಾರೆ, ಡ್ರೈವರ್ ಸಾಹೇಬ್ರಿಗೆ ಹೇಳ್ತೀನಿ. ಇದ್ದಿಲು ಒಂಚೂರು ನಿಧಾನಕ್ಕೆ ತುಂಬ್ಲಿ. ಹತ್ತು ನಿಮಿಷ ಸಿಕ್ಕೇ ಸಿಗ್ತೈತೆ.”

“ನಿನ್ನ ಕರುಣೆ ಎಂಟು ದಿನ ತಡೆದೀತು, ತಮ್ಮಾ. ಒಲೆ ವರ್ಷಾನುಗಟ್ಟಲೆ ಉರೀಬೇಕು. ಬ್ಯಾಡ.”

ಮರುದಿನ ಮಧ್ಯಾಹ್ನ ನಾವು ಬಂದಿಳಿದಾಗ ಜಗಳೂರಿನವಳ ಬಟ್ಟೆಯ ಗಂಟು ಬಾಗಿಲ ಬಳಿಯಿತ್ತು. ಕೊನೆಯ ಪಂಕ್ತಿಗೆ ತಟ್ಟಿ ಹೊರಡು ಎಂದಿದ್ದರಂತೆ. ಅವಳು ತಲೆಯೆತ್ತದೆ ತಟ್ಟುತ್ತಿದ್ದಳು. ಅಕ್ಕಾವರು ಎರಡು ಒಲೆಗಳ ನಡುವೆ ಮಣೆ ಹಾಕಿಕೊಂಡು ಕುಳಿತಿದ್ದರು. ಕೈ ಹಚ್ಚುವುದಿಲ್ಲ, ಬರೀ ನೋಟ. ಹೊರಗೆ ಡ್ರೈವರ್ ಸಾಹೇಬರು ಕಬ್ಬಿಣದ ಸಲಾಕೆಯಿಂದ ಬೂದಿ ಕೆದರುವ ಕರಕರ ಸದ್ದು. ಅವರು ಏನು ನೋಡುತ್ತಿದ್ದಾರೆಂದು ನಾನೂ ನೋಡಿದೆ. ರೊಟ್ಟಿ ತಟ್ಟುವಾಗ ಹೆಂಚು ಖಾಲಿ ಕಾದು ಹೊಗೆಯಾಡುತ್ತಿತ್ತು. ಬೇಯಿಸಲು ಏಳುವಾಗ ಕೈಯ ಹಿಟ್ಟು ಒರೆಸಿಕೊಳ್ಳಬೇಕು. ಮತ್ತೆ ತಟ್ಟಲು ಕೂರುವಾಗ ಹಲಗೆಗೆ ಹಿಟ್ಟು ಉದುರಿಸಬೇಕು. ಎರಡು ಒಲೆಯಲ್ಲೂ ಅದೇ ಕಥೆ.

ಅಕ್ಕಾವರು ಥಟ್ಟನೆ ಎದ್ದರು. ಎಡಗೈಯಿಂದ ನಾದಿನಿಯ ಹಲಗೆಯನ್ನು ಗೋಡೆಗೆ ಒರಗಿಸಿಬಿಟ್ಟರು. “ಅವಳು ತಟ್ಲಿ. ನೀನು ಎರಡೂ ಹೆಂಚು ನೋಡು.”

ನಾದಿನಿ ಬೆಂಕಿಯಾದಳು. “ಯಾಕೆ ಅತ್ತಿಗೆಮ್ಮಾ? ನಿನ್ನೆ ಬಂದಾಕಿ ತಟ್ಟಿದ್ದನ್ನ ಬೇಯ್ಸಾಕೆ ನನ್ನ ಕೈಗೇನು ಲಕ್ವ ಹೊಡದೈತಾ?”

“ಹೊಡದಿದ್ದು ನನ್ನ ಕೈಗೆ. ಮನೆಗೂ ಹೊಡೀಲಿ ಅಂತೀಯೇನವ್ವಾ?”

ಪಂಕ್ತಿಯವರು ಲೋಟ ಕುಟ್ಟತೊಡಗಿದ್ದರು. ನಾದಿನಿ ಸೆರಗು ಬಿಗಿದು, ಯಾರ ಮುಖವನ್ನೂ ನೋಡದೆ, ಒಲೆಗಳ ಮುಂದೆ ಹೋಗಿ ಕುಳಿತಳು. ಆಮೇಲೆ ತಟ್ಟುವ ಸದ್ದು ನಿಲ್ಲಲೇ ಇಲ್ಲ. ಇವಳ ಕೈಬಿಟ್ಟ ರೊಟ್ಟಿ ಅವಳ ಹೆಂಚಿಗೆ. ಈ ಹೆಂಚಿನದು ಉಬ್ಬುವಷ್ಟರಲ್ಲಿ ಆ ಹೆಂಚಿನದು ಎಲೆಗೆ. ಎಲ್ಲ ರೊಟ್ಟಿಯೂ ಒಂದೇ ಅಳತೆ. ಹಿಂದಿರುಗಿಸಲು ಯಾರಿಗೂ ಕಾರಣ ಉಳಿಯಲಿಲ್ಲ. ಹಾರನ್ ಕೂಗಿದಾಗ ನಾನು ಬಸ್ಸಿಗಲ್ಲ, ಹಿತ್ತಲಿಗೆ ಓಡಿದೆ. ಅಕ್ಕಾವರು ಎಲೆಗಳನ್ನು ಬಿಚ್ಚುತ್ತಿದ್ದರು. ಒಂದೆರಡರಲ್ಲಿ ಚೂರು ಉಳಿದಿತ್ತು, ಅಷ್ಟೇ. ಕೋಲನ್ನು ಬೇಲಿಗೆ ಸಿಕ್ಕಿಸಿ, “ಇವತ್ತು ಟಿಕೀಟು ಬ್ಯಾಡ,” ಎಂದರು. ಗಂಟು ಒಳಗೆ ಹೋಯಿತು.

ಎಂಟನೆಯ ದಿನ ಸಾಹುಕಾರರೇ ಜೇಬುಗಡಿಯಾರ ಹಿಡಿದು ಪಂಕ್ತಿಯಲ್ಲಿ ಕುಳಿತರು. ಹಾರನ್ ಕೂಗುವಷ್ಟರಲ್ಲಿ ಎಲ್ಲರೂ ಕೈ ತೊಳೆದಾಗಿತ್ತು. ಅರ್ಧ ರೊಟ್ಟಿ ಉಳಿದದ್ದು ಸಾಹುಕಾರರ ಎಲೆಯಲ್ಲಿ ಮಾತ್ರ. “ಗಡಿಯಾರ ನೋಡ್ಕೊಂತ ಕುಂತ್ರೆ ರೊಟ್ಟಿ ಹೆಂಗೆ ಇಳೀತೈತ್ರಿ ಸಾಹುಕಾರ್ರೆ?” ಎಂದರು ಅಕ್ಕಾವರು. ಬಸ್ಸಿನವರೆಲ್ಲ ನಕ್ಕರು. ನಿಲುಗಡೆ ಹೊನ್ನಾಳಿಯಲ್ಲೇ ಉಳಿಯಿತು.

ಹಾಗಾದರೆ ಮರುಕ ಇರಲೇ ಇಲ್ಲವೇ? ಎದೆಯೊಳಗೆ ಏನಿತ್ತೋ ನಾನು ಬಲ್ಲವನಲ್ಲ. ಅವರು ಮೂರು ದಿನ ಸೋತ ಮೇಲೂ ಒಲೆಯ ಮುಂದೆ ಕುಳಿತು ನೋಡಿದ್ದನ್ನು ಬಲ್ಲೆ. ಇನ್ನೊಬ್ಬಳನ್ನು ಇಟ್ಟುಕೊಂಡದ್ದರಿಂದ ಖಾನಾವಳಿ ಉಳಿಯಲಿಲ್ಲ. ಬಂದವಳನ್ನು ಎಲ್ಲಿ ಕೂರಿಸಬೇಕೆಂದು ಕಂಡುಕೊಂಡದ್ದರಿಂದ ಉಳಿಯಿತು. ಅದಕ್ಕೆ ಬೆಲೆ ತೆತ್ತವಳು ನಾದಿನಿ. ಬಿಡುವಾಗಿ ಕುಳಿತಾಗ ಅವಳ ಬೆರಳುಗಳು ಮಂಡಿಯ ಮೇಲೆ ತಾವೇ ತಾವಾಗಿ ತಟ್ಟುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಊರ ಕಥೆಯಲ್ಲಿ ಆ ಬೆರಳುಗಳಿಗೆ ಜಾಗವಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ಅಕ್ಕಾವರು ತೀರಿಕೊಂಡರು. ಅವರ ಹೆಸರಿನ ಊಟಕ್ಕೆ ಜಗಳೂರಿನವಳು ತಟ್ಟಿದಳು, ನಾದಿನಿ ಬೇಯಿಸಿದಳು. ನನ್ನ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಅನಾಥೆಗೆ ಅನ್ನ ಕೊಟ್ಟ ಪುಣ್ಯವನ್ನು ವರ್ಣಿಸುತ್ತಿದ್ದರು. ಪಂಕ್ತಿಗೆ ಪಂಕ್ತಿಯೇ ತಲೆದೂಗುತ್ತಿತ್ತು. ನಾನು ಊಟದ ನಡುವೆಯೇ ಎದ್ದೆ. ಎಲೆ ಮಡಿಸಿಕೊಂಡು ಹಿತ್ತಲಿಗೆ ಬಂದರೆ, ಕೋಲು ಬೇಲಿಯಲ್ಲಿ ಸಿಕ್ಕಿಸಿದಲ್ಲೇ ಇತ್ತು. ಅದರ ತುದಿಯಿಂದ, ಮೊದಲು ಉಂಡೆದ್ದವರ ಒಂದೊಂದೇ ಎಲೆ ಬಿಚ್ಚಿ ನೋಡಿದೆ. ಎಲ್ಲವೂ ಖಾಲಿ. ಅರ್ಧ ರೊಟ್ಟಿ ಉಳಿದಿದ್ದುದು ನನ್ನ ಎಲೆಯೊಂದರಲ್ಲೇ. ಅವರಿದ್ದಿದ್ದರೆ ಅದನ್ನು ಕಂಡು ಕೇಳದೆ ಬಿಡುತ್ತಿರಲಿಲ್ಲ: “ಯಾಕೆ ತಮ್ಮಾ, ಬಸ್ಸು ಹೊಂಟೇ ಬಿಡ್ತೇನು?”