ಒಂದು ಕೆನ್ನೆ ಬೋಳಿಸಿ ಕಾಯುವ ಮನುಷ್ಯ

"ಕತ್ತರಿ ಹತ್ರ ತಂದ್ರೆ ಕೈ ಮುರೀತೀನಿ ನೋಡು! ತಲೆ ಕೊಯ್ಯೋರು ತಲೆ ಕೊಯ್ಯಲಿ. ನನ್ನ ಸೈಡ್‌ಲಾಕು ಏನು ಮಾಡಿದೆ ನಿಮಗೆ?"

"ಏನೂ ಮಾಡಿಲ್ಲ ಮಾಸ್ತರೇ. ದಾರಿಗೆ ಅಡ್ಡ ಇದೆ, ಅಷ್ಟೇ."

"ಅಡ್ಡ ಇದ್ರೆ ನಿಮ್ಮ ಡಾಕ್ಟ್ರು ಸುತ್ತಾಕಿಕೊಂಡು ಹೋಗಲಿ!"

ಬೆಳಗಿನ ಐದೂಕಾಲು. ಆಸ್ಪತ್ರೆಯ ಮೂರನೇ ಮಹಡಿಯ ತುದಿಯಲ್ಲಿ, ಕೊಳೆ ಬಟ್ಟೆಯ ಗಂಟುಗಳನ್ನು ಒಟ್ಟುವ ಕೋಣೆಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ. ಒಂದು ಕುರ್ಚಿ, ಒಂದು ನಲ್ಲಿ, ಒಂದು ಟ್ಯೂಬ್‌ಲೈಟು. ಕುರ್ಚಿಯಲ್ಲಿ ಕೂತು ಕಿರುಚುತ್ತಿರುವವರು ಬ್ಯಾಂಡಿನಲ್ಲಿ ಮೂವತ್ತು ವರ್ಷ ಟ್ರಂಪೆಟ್ ಊದಿದವರು. ಪೀಪಿ ಮಾಸ್ತರು ಅಂದರೆ ಎಲ್ಲರಿಗೂ ಗೊತ್ತು. ಅವರ ತಲೆಬುರುಡೆಯೊಳಗೆ, ಎಡಗಿವಿಯ ನೇರಕ್ಕೆ, ರಕ್ತನಾಳವೊಂದು ಉಬ್ಬಿ ನಿಂತಿದೆ. ತಡಮಾಡಿದರೆ ಒಂದು ಗಟ್ಟಿ ಕೆಮ್ಮಿಗೂ ಒಡೆಯಬಹುದು ಎಂದು ವೈದ್ಯರು ಹೇಳಿದ್ದಾರೆ. ಎಂಟು ಗಂಟೆಗೆ ಶಸ್ತ್ರಚಿಕಿತ್ಸೆ. ಅಷ್ಟರೊಳಗೆ ತಲೆ ನುಣ್ಣಗಾಗಬೇಕು.

ನುಣ್ಣಗೆ ಮಾಡುವವರನ್ನು ಇಲ್ಲಿ ತಲೆಯಣ್ಣ ಎಂದು ಕರೆಯುತ್ತಾರೆ. ಐವತ್ತೆಂಟರ ಕ್ಷೌರಿಕ. ಇಪ್ಪತ್ತನಾಲ್ಕು ವರ್ಷಗಳಿಂದ ದಿನಕ್ಕೆ ನಾಲ್ಕೈದು ತಲೆ. ಎಲ್ಲವೂ ಭಯದಿಂದ ಬೆವೆತ ತಲೆಗಳೇ. ಗುಣವಾದವರು ವೈದ್ಯರ ಕಾಲಿಗೆ ಬೀಳುತ್ತಾರೆ, ಸಿಸ್ಟರ್‌ಗಳಿಗೆ ಸಿಹಿ ಹಂಚುತ್ತಾರೆ. ತಲೆಯಣ್ಣನ ಮುಖ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಆಸ್ಪತ್ರೆಯ ಗೋಡೆಗೆ ಹಾಕಿರುವ ಸಿಬ್ಬಂದಿ ಪಟ್ಟಿಯಲ್ಲಿ ನಲ್ಲಿ ರಿಪೇರಿಯವನ ಹೆಸರಿದೆ, ಇವರದಿಲ್ಲ. ಅದನ್ನು ಮರೆವು ಅನ್ನುವವರು ಅನ್ನಲಿ, ಅದು ಕೊಬ್ಬು.

ತಲೆಯಣ್ಣ ಕತ್ತರಿಯನ್ನು ಕೆಳಗಿಟ್ಟು, ಜೇಬಿನಿಂದ ಅಂಗೈಯಗಲದ ಕನ್ನಡಿ ತೆಗೆದು ಮಾಸ್ತರ ಕೈಗೆ ಕೊಡುತ್ತಾರೆ.

"ನಿಮ್ಮದು ಸೇತುವೆ, ಮಾಸ್ತರೇ. ಕಿವಿಯಿಂದ ಇಳಿದು ಮೀಸೆಗೆ ಸೇರಿಕೊಂಡಿದೆ. ಹಿಂದೆ ಇದನ್ನ ಬಿಡ್ತಾ ಇದ್ದೋರು ದೊಡ್ಡ ದೊಡ್ಡ ಸೇನಾಪತಿಗಳು. ಅದರಲ್ಲೊಬ್ಬ ಯುದ್ಧದಲ್ಲಿ ಚೆನ್ನಾಗಿ ಏಟು ತಿಂದನಂತೆ. ಆದರೂ ಇಂಗ್ಲಿಷಿನೋರು ಅವನ ಹೆಸರನ್ನೇ ಹಿಂದುಮುಂದು ಮಾಡಿ ಕೆನ್ನೆಗೂದಲಿಗೆ 'ಸೈಡ್‌ಬರ್ನ್' ಅಂತ ಇಟ್ಟುಬಿಟ್ರು."

"ಸೋತವನ ಹೆಸರಾ? ಒಳ್ಳೇ ಹೊತ್ತಲ್ಲಿ ಹೇಳಿದೆಯಪ್ಪಾ!" ಎಂದು ಮಾಸ್ತರು ನಗುತ್ತಾರೆ.

ಇದೇ ತಲೆಯಣ್ಣನ ವರಸೆ. ಒಮ್ಮೆಲೇ ಬೋಳಿಸುವುದಿಲ್ಲ. ಕೆನ್ನೆಗೂದಲನ್ನು ಮೆಟ್ಟಿಲಿಳಿಸಿದಂತೆ ಇಳಿಸುತ್ತಾರೆ, ಒಂದೊಂದು ಮೆಟ್ಟಿಲಿಗೂ ಒಂದು ಕಥೆ. ಹೆಸರುಗಳೆಲ್ಲ ಅಪ್ಪನ ಅಂಗಡಿಯಲ್ಲಿ ಕಲಿತವು. ಮೀಸೆಯಿಂದ ಬಿಡಿಸಿದರೆ 'ಬೂಟು': ಕೆಳಗೆ ಅಗಲ, ಮುಂದಕ್ಕೆ ಚಾಚಿದ ಮೂತಿ. ಮೂತಿ ಕತ್ತರಿಸಿದರೆ 'ಕೊಡಲಿ'. ಪ್ಯಾಂಟಿನ ಕಾಲುಗಳು ನೆಲ ಗುಡಿಸುತ್ತಿದ್ದ ಕಾಲದಲ್ಲಿ ಅಪ್ಪ ಬೆಳಗಿನಿಂದ ಸಂಜೆಯವರೆಗೂ ಕೊಡಲಿಯನ್ನೇ ಕೆತ್ತುತ್ತಿದ್ದರಂತೆ. ಇನ್ನೂ ಸಣ್ಣಗಾದರೆ 'ಚೂರಿ', ಆಮೇಲೆ 'ಕಡ್ಡಿ'. ಈಗಿನ ಹುಡುಗರದು ಮಾಸಲು. ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಅವರಿಗೇ ಗೊತ್ತಿರುವುದಿಲ್ಲ.

"ಮಧ್ಯೆ ಒಂದು ಯುದ್ಧ ಬಂತು, ವಿಷದ ಗಾಳಿ ಬಿಡೋ ಯುದ್ಧ," ಎನ್ನುತ್ತಲೇ ತಲೆಯಣ್ಣ ಕತ್ತರಿ ಎತ್ತಿಕೊಳ್ಳುತ್ತಾರೆ. "ಮುಖವಾಡ ಕೆನ್ನೆಗೆ ಕಚ್ಚಿ ಕೂರಬೇಕು. ಕೂದಲಿದ್ರೆ ಸಂದೀಲಿ ಗಾಳಿ ನುಗ್ಗುತ್ತೆ. ಜೀವ ಬೇಕೋ, ಕೆನ್ನೆಗೂದಲು ಬೇಕೋ ಅಂದ್ರು. ಎಂತೆಂಥಾ ಗಂಡಸರು ಸಾಲಾಗಿ ಕೂತು ಬೋಳಿಸ್ಕೊಂಡ್ರು."

ಮಾಸ್ತರು ಕುತ್ತಿಗೆಯನ್ನು ಸ್ವಲ್ಪ ಓರೆ ಮಾಡುತ್ತಾರೆ. ಅದೇ ಒಪ್ಪಿಗೆ.

"ಯಾವ ಕಡೆ ಆಪರೇಷನ್ನು? ಆ ಕಿವಿ ಮುಟ್ಟಿ ತೋರಿಸಿ," ಎನ್ನುತ್ತಾರೆ ತಲೆಯಣ್ಣ. ಮಾಸ್ತರು ಎಡಗಿವಿ ಮುಟ್ಟುತ್ತಾರೆ. ವೈದ್ಯರ ಚೀಟಿಯಲ್ಲೂ ಎಡ ಎಂದೇ ಇದೆ. ಸೇತುವೆ ಬೂಟಾಗುತ್ತದೆ, ಬೂಟು ಕೊಡಲಿಯಾಗುತ್ತದೆ. ಕಡ್ಡಿಗೆ ಬಂದಾಗ ತಲೆಯಣ್ಣ ಕನ್ನಡಿಯನ್ನು ವಾಪಸು ಜೇಬಿಗೆ ಹಾಕಿಕೊಂಡು, ಹೊಸ ಬ್ಲೇಡು ಹಾಕಿ, ಉಸಿರು ಹಿಡಿದು ಎಡಗೆನ್ನೆಯನ್ನು ಬೋಳಿಸುತ್ತಾರೆ. ಒಂದು ಗೀರು ಬಿದ್ದರೂ ನಂಜಾದೀತೆಂದು ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಬಿದ್ದಿರುವುದು ಎರಡೇ ಗೀರು. ಎರಡರ ಹಾಸಿಗೆ ನಂಬರೂ ಅವರಿಗೆ ಬಾಯಿಪಾಠ. ಈ ಕೆಲಸ ಮುಗಿಯುವವರೆಗೆ ಅವರು ಟೀ ಕೂಡ ಕುಡಿಯುವುದಿಲ್ಲ, ಕೈ ನಡುಗೀತೆಂಬ ಹೆದರಿಕೆ.

ಎಡಗೆನ್ನೆ ಮುಗಿದ ಮೇಲೆ ರೇಜರ್ ಮಡಚಿಟ್ಟು ಅವರು ಕಾಯುತ್ತಾರೆ. ಬಲಗೆನ್ನೆ ಮುಟ್ಟುವುದಿಲ್ಲ, ತಲೆಯನ್ನೂ ಮುಟ್ಟುವುದಿಲ್ಲ. ಸಿಸ್ಟರ್ ಬಂದು, ಬೋಳಾದ ಕಡೆಯನ್ನೂ ಚೀಟಿಯನ್ನೂ ತಾಳೆ ನೋಡಿ ಸಹಿ ಹಾಕಬೇಕು. ಉಳಿದ ಕೆನ್ನೆಗೂದಲೇ ಗುರುತು: ಈ ಕಡೆ ಕೈ ಹಾಕಬೇಡಿ.

ಇದು ಆಸ್ಪತ್ರೆ ಮಾಡಿದ ನಿಯಮವಲ್ಲ. ತಲೆಯಣ್ಣನ ಭಯ ಮಾಡಿದ ನಿಯಮ. ಹನ್ನೊಂದು ವರ್ಷದ ಹಿಂದೆ ಈ ಕೋಣೆಯ ಗೋಡೆಗೆ ದೊಡ್ಡ ಕನ್ನಡಿಯಿತ್ತು. ಮಂಚದ ಮೇಲಿನ ರೋಗಿಗಳನ್ನು ಎದುರು ನಿಂತು ಬೋಳಿಸುವಾಗ ತಮ್ಮ ಬಲವೇ ಅವರ ಎಡ ಎಂದು ತಿರುಗಿಸಿಕೊಳ್ಳುವುದು ರೂಢಿ. ಒಂದು ದಿನ ಕುರ್ಚಿಯ ಹಿಂದೆ ನಿಂತಿದ್ದರೂ, ಕನ್ನಡಿಯೊಳಗಿನ ಮುಖ ನೋಡಿ ಹಾಗೆಯೇ ತಿರುಗಿಸಿಕೊಂಡರು. ಒಬ್ಬ ಹೆಣ್ಣುಮಗಳ ತಲೆಯಲ್ಲಿ ಬೋಳಾಗಬಾರದ ಅರ್ಧ ಬೋಳಾಯಿತು. ಒಳಗೆ ಆಪರೇಷನ್ ಮೇಜಿನ ಮೇಲೆ ಮಲಗಿಸಿದಾಗ ಯಾರೋ ಸ್ಕ್ಯಾನ್ ಚಿತ್ರ ನೋಡಿ ಕೂಗಿದ್ದಕ್ಕೆ ಬಚಾವಾದಳು.

"ಅವಳು ಆರಾಮಾಗಿ ಮನೆಗೆ ಹೋದಳು. ನಾನು ಏಳು ದಿನ ಕಣ್ಣು ಮುಚ್ಚಲಿಲ್ಲ. ಮುಚ್ಚಿದ್ರೆ ಕನ್ನಡಿ ಕಾಣ್ತಿತ್ತು," ಎನ್ನುತ್ತಾರೆ ತಲೆಯಣ್ಣ. ಎಂಟನೇ ದಿನ ತಾವೇ ಮೊಳೆ ಕಿತ್ತು ಗೋಡೆಯ ಕನ್ನಡಿ ಇಳಿಸಿದರು. ಬೋಳಿಸಿದ ಮೇಲೆ ಕೈಗನ್ನಡಿಯನ್ನೂ ಯಾರಿಗೂ ಕೊಡುವುದಿಲ್ಲ.

ಸಿಸ್ಟರ್ ಬರಲು ಮೂರು ನಿಮಿಷ ಸಾಕು. ಇವತ್ತು ಪಕ್ಕದ ವಾರ್ಡಿನಲ್ಲಿ ಯಾರಿಗೋ ಉಸಿರು ಕಟ್ಟಿದೆ. ಐದು ನಿಮಿಷವಾಯಿತು, ಹತ್ತಾಯಿತು.

"ಕನ್ನಡಿ ಕೊಡು," ಎನ್ನುತ್ತಾರೆ ಮಾಸ್ತರು.

"ಪೂರ್ತಿ ಆಗಲಿ, ತೋರಿಸ್ತೀನಿ."

"ಕೊಡು ಅಂದ್ನಲ್ಲ! ನನ್ನ ಮುಖ ನೋಡೋಕೆ ನಿನ್ನ ಅಪ್ಪಣೆ ಬೇಕಾ? ಕೊಡದಿದ್ರೆ ಈಗಲೇ ಎದ್ದೆ!"

ಆ ಕೂಗಿಗೆ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು. ತಲೆಯೊಳಗಿನ ಆ ಉಬ್ಬು ಇಲ್ಲೇ, ಈ ಕುರ್ಚಿಯಲ್ಲೇ ಒಡೆದರೆ? ತಲೆಯಣ್ಣ ಹೆದರಿ ಕನ್ನಡಿ ಕೊಟ್ಟುಬಿಡುತ್ತಾರೆ.

ಮಾಸ್ತರು ನೋಡುತ್ತಾರೆ. ಬಲಕ್ಕೆ ತಿರುಗಿ ನೋಡುತ್ತಾರೆ, ಎಡಕ್ಕೆ ತಿರುಗಿ ನೋಡುತ್ತಾರೆ. ಮೂವತ್ತು ವರ್ಷ ಗಾಳಿ ತುಂಬಿಸಿ ಉಬ್ಬಿಸಿದ ಎಡಗೆನ್ನೆ ಸೋರಿದ ಚೀಲದಂತೆ ಜೋತುಬಿದ್ದಿದೆ.

"ಇದು ನಮ್ಮಪ್ಪನ ಮುಖ," ಎನ್ನುತ್ತಾರೆ ಮೆಲ್ಲಗೆ. "ಸಾಯೋ ದಿನ ಹಿಂಗೇ ಇದ್ದ."

ಬೈಯುವವರಿಗೆ ತಲೆಯಣ್ಣ ಹೆದರುವುದಿಲ್ಲ. ಹೆದರುವುದು, ಬೈಯುತ್ತಿದ್ದವರು ಮೆತ್ತಗಾದಾಗ. ಮಾಸ್ತರು ಕನ್ನಡಿಯನ್ನು ಜೋಪಾನವಾಗಿ ನಲ್ಲಿಯ ಕಟ್ಟೆಯ ಮೇಲಿಟ್ಟು, "ಬಾಯೆಲ್ಲ ಕೂದಲು. ಉಗುಳಿ ಬರ್ತೀನಿ," ಎಂದು ಎದ್ದು ಹೊರಡುತ್ತಾರೆ.

ಬಾಯಿ ತೊಳೆಯಲು ನಲ್ಲಿ ಇಲ್ಲೇ ಇತ್ತಲ್ಲ ಎಂದು ತಲೆಯಣ್ಣನಿಗೆ ಹೊಳೆಯುವಷ್ಟರಲ್ಲಿ ಹೊರಗಿನ ಕಾರಿಡಾರು ಖಾಲಿ. ಬೆಂಚಿನ ಮೇಲೆ ತೂಕಡಿಸುತ್ತಿದ್ದ ಮಾಸ್ತರ ಹೆಂಡತಿ ಬೆಚ್ಚಿ ಏಳುತ್ತಾರೆ. "ಎಲ್ಲಿಗೂ ಹೋಗಿರಲ್ಲ ಅಣ್ಣಾ, ಚಪ್ಪಲಿ ಇಲ್ಲೇ ಇದೆ," ಎನ್ನುತ್ತಾರೆ. ಕೆಳಗೆ ಗೇಟಿನ ಕಾವಲುಗಾರ, "ಕತ್ತಿಗೆ ಟವೆಲ್ಲು ಸುತ್ತಿಕೊಂಡಿದ್ರಲ್ಲ, ಅವರಾ? ಬರಿಗಾಲಲ್ಲಿ ರಸ್ತೆ ದಾಟಿದ್ರು," ಎನ್ನುತ್ತಾನೆ. ಹೆಂಡತಿ ಗಂಡನ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಆ ಕಡೆಗೆ ಓಡುತ್ತಾರೆ.

ಸಿಸ್ಟರ್ ಪೆನ್ನು ಹಿಡಿದು ಬಂದಾಗ ಖಾಲಿ ಕುರ್ಚಿ. "ಎರಡೂ ಕೆನ್ನೆ ಒಟ್ಟಿಗೆ ತೆಗೆದಿದ್ರೆ ಹೀಗೆ ಆಗ್ತಿತ್ತಾ? ಎಲ್ಲಾ ನಿಮ್ಮದೇ ಕಾನೂನು!" ಎಂದು ಹರಿಹಾಯುತ್ತಾರೆ.

"ಆಗ್ತಿರಲಿಲ್ಲ ಸಿಸ್ಟರ್," ಎನ್ನುತ್ತಾರೆ ತಲೆಯಣ್ಣ. "ನಾಳೆಯೂ ಒಂದೇ ತೆಗೆಯೋದು."

ಆಮೇಲೆ ಅವರು ಫೋನು ತೆಗೆಯುತ್ತಾರೆ. ಒಂದೇ ಕೆನ್ನೆಗೆ ಕೂದಲಿಟ್ಟುಕೊಂಡು ಯಾವ ಗಂಡಸೂ ಬಹಳ ದೂರ ತಿರುಗಲಾರ, ಯಾವುದಾದರೂ ಕ್ಷೌರದಂಗಡಿಗೆ ಹೊಕ್ಕೇ ಹೊಗಬೇಕು ಎಂಬುದು ಅವರ ಲೆಕ್ಕ. ಸುತ್ತಮುತ್ತ ಒಂಬತ್ತು ಅಂಗಡಿಗಳಿವೆ. ನಿದ್ದೆಯಲ್ಲಿದ್ದವರನ್ನೂ ಎಬ್ಬಿಸಿ ಒಬ್ಬೊಬ್ಬರಿಗೂ ಅದದನ್ನೇ ಹೇಳುತ್ತಾರೆ:

"ಎಡಗೆನ್ನೆ ಬೋಳು, ಬಲಗೆನ್ನೆ ಮೀಸೆಗೆ ಸೇರಿದೆ. ಕಾಲಲ್ಲಿ ಚಪ್ಪಲಿ ಇಲ್ಲ. ಬಂದ್ರೆ ಬೈಬೇಡಿ, ನಗಬೇಡಿ, ಕೂರಿಸ್ಕೊಂಡು ನನಗೆ ಫೋನ್ ಮಾಡಿ. ಬಲಗಡೆ ಮಾತ್ರ ಮುಟ್ಟಬೇಡಿ. ಅದು ನಾನು ಬಿಟ್ಟಿರೋ ಗುರುತು."

ಅಂಗಡಿಗಳು ಏಳಕ್ಕೆ ಬಾಗಿಲು ತೆರೆಯುತ್ತವೆ. ಎಂಟಕ್ಕೆ ಒಳಗಿನ ಮೇಜಿಗೆ ಬೇರೊಬ್ಬರನ್ನು ಕರೆದೊಯ್ಯುತ್ತಾರೆ. ಒಂಬತ್ತಕ್ಕೆ ಮಾಸ್ತರ ಹೆಂಡತಿ ಚಪ್ಪಲಿ ಹಿಡಿದುಕೊಂಡೇ, ಒಬ್ಬರೇ ವಾಪಸು ಬರುತ್ತಾರೆ. ಹತ್ತಾದರೂ ತಲೆಯಣ್ಣನ ಫೋನು ಸದ್ದು ಮಾಡುವುದಿಲ್ಲ.