ಸಖೀರ್ ಮರುಭೂಮಿಯಲ್ಲಿ ತುಪ್ಪಳದ ಕೋಟು ಮಾರುತ್ತ

ಬಹರೈನಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಉದ್ದ ತೋಳಿನ ಅಂಗಿ ಒಂದೂ ಇರಲಿಲ್ಲ. ಗಲ್ಫ್ ಅಂದರೆ ಸೆಕೆ ಎಂದೇ ಬಂಟ್ವಾಳದಲ್ಲಿ ಎಲ್ಲರೂ ಹೇಳಿದ್ದರು. ಅಂಥ ನಾನು ಎರಡನೆಯ ವರ್ಷದ ಡಿಸೆಂಬರಿನ ಒಂದು ಬೆಳಿಗ್ಗೆ ಸಖೀರ್ ಮರುಭೂಮಿಯ ನಡುವೆ, ಬೆರಳು ಮರಗಟ್ಟಿ, ಸೂಜಿಗೆ ನೂಲು ಪೋಣಿಸಲಾಗದೆ ಕುಳಿತಿದ್ದೆ. ಸುತ್ತಲೂ ಕುರಿಯ ತುಪ್ಪಳದ ಕೋಟುಗಳು ನೇತಾಡುತ್ತಿದ್ದವು. ಒಂದನ್ನೂ ಹಾಕಿಕೊಳ್ಳುವಂತಿರಲಿಲ್ಲ. ಅವು ಮಾರುವ ಸಾಮಾನು.

ನಾನು ದರ್ಜಿ. ಮುಹರ್ರಕ್‌ನ ಹಳೆಯ ಪೇಟೆಯ ಒಂದು ಅಂಗಡಿಯಲ್ಲಿ ಅರಬರ ನಿಲುವಂಗಿ ಹೊಲಿಯುತ್ತಿದ್ದೆ. ಚಳಿ ಶುರುವಾದರೆ ಇಲ್ಲಿಯ ಜನ ಮನೆ ಬಿಟ್ಟು ಮರುಭೂಮಿಯಲ್ಲಿ ಟೆಂಟು ಹಾಕುತ್ತಾರೆ. ಆ ಬಯಲಿಗೆ ಅವರು ‘ಬರ್ರ್’ ಎನ್ನುತ್ತಾರೆ. ನಮ್ಮ ಕಡೆಯವರು ಸುತ್ತಾಡಲು ಹೊರಟರೆ ಹೊಳೆ, ಸಮುದ್ರ ಎಂದು ನೀರಿರುವಲ್ಲಿಗೆ ಹೋಗುತ್ತಾರೆ. ಇವರು ನೀರೂ ಮರವೂ ಇಲ್ಲದಲ್ಲಿಗೆ ಬಂದು ಮಕ್ಕಳು ಮರಿಗಳೊಂದಿಗೆ ಖುಷಿಯಾಗಿರುತ್ತಾರೆ. ಅಲ್ಲಿ ಅವರು ತೊಡುವುದು ‘ಫರ್ವಾ’: ಹೊರಗೆ ದಪ್ಪ ಬಟ್ಟೆ, ಒಳಗೆ ತುಪ್ಪಳ, ಕಣಕಾಲಿನವರೆಗೆ ಇಳಿಯುವ ಕೋಟು. ನಮ್ಮ ಮಾಲೀಕ, ಇಲ್ಲಿಯ ಮಾತಿನಲ್ಲಿ ಅರಬಾಬ್, ಅಲ್ಲೇ ಒಂದು ಟೆಂಟಿನಲ್ಲಿ ಫರ್ವಾ ಅಂಗಡಿ ತೆರೆದ. ಮಾರಲು ಹಸನಬ್ಬಣ್ಣನನ್ನೂ ಉದ್ದ ಗಿಡ್ಡ ಸರಿಮಾಡಲು ನನ್ನನ್ನೂ ಕಳಿಸಿದ.

ಹಸನಬ್ಬಣ್ಣ ಉಪ್ಪಿನಂಗಡಿಯವರು, ಅರುವತ್ತರ ಹತ್ತಿರದ ಬ್ಯಾರಿ. ಅರ್ಧ ಆಯುಷ್ಯ ಗಲ್ಫಿನಲ್ಲೇ ಕಳೆದವರು. ಅಂಗಡಿಯ ಪಿಕಪ್ ಓಡಿಸುವುದೂ ಅವರೇ. ಮೊದಲ ದಿನವೇ ಹೇಳಿದರು: “ಇಲ್ಲಿ ಗಾಳಿಯತ್ರ ಜಗಳ ಮಾಡ್ಲಿಕ್ಕೆ ಹೋಗ್ಬೇಡ ದಾಮೋದರ. ಅದು ಹೇಳಿದ ಹಾಗೆ ಕೇಳುದು, ಅಷ್ಟೆ.”

ವಾರಕ್ಕೆರಡು ಸಲ ಪಿಕಪ್‌ನಲ್ಲಿ ಡ್ರಮ್ಮು ತುಂಬಿ ನೀರು ತರುತ್ತಿದ್ದೆವು. ಒಂದು ಲೋಟದಲ್ಲಿ ಹಲ್ಲುಜ್ಜಿ ಮುಖವನ್ನೂ ತೊಳೆಯುವುದನ್ನು ಕಲಿತೆ. ಹೊಲಿಗೆ ಯಂತ್ರಕ್ಕೆ ದಿನಾ ಎಣ್ಣೆ ಬಿಟ್ಟರೂ ಮರಳು ಹೊಕ್ಕು ಕರಕರ ಅನ್ನುತ್ತಿತ್ತು. ಕುಚ್ಚಲಕ್ಕಿ ಬೇಯುವ ಮೊದಲೇ ಗಾಳಿ ಮೂರು ಸಲ ಒಲೆ ಆರಿಸುತ್ತಿತ್ತು. ಕೊನೆಗೆ ಅನ್ನದ ಆಸೆ ಬಿಟ್ಟು ಖುಬ್ಬೂಸ್ ರೊಟ್ಟಿಗೇ ಒಗ್ಗಿಕೊಂಡೆ. ರಜಾದಿನಗಳಲ್ಲಿ ಟೆಂಟಿನೊಳಗೆ ನಿಲ್ಲಲು ಜಾಗವಿಲ್ಲ. ಉಳಿದ ದಿನ ನಮ್ಮಿಬ್ಬರ ಕೆಮ್ಮು ಬಿಟ್ಟರೆ ಸದ್ದಿಲ್ಲ. ‘ತವೀಲ್’ ಅಂದರೆ ಉದ್ದ, ‘ಗಸೀರ್’ ಅಂದರೆ ಗಿಡ್ಡ. ಇವೆರಡೇ ನನಗೆ ಬರುತ್ತಿದ್ದ ಅರಬ್ಬಿ. ಹರಿದ ತೋಳು ಜೋಡಿಸಿಕೊಟ್ಟದ್ದಕ್ಕೆ ಒಬ್ಬ ಮುದುಕಿ ಹೊಲಿಗೆಯ ಮೇಲೆ ಬೆರಳಾಡಿಸಿ “ಜೈನ್” ಅಂದಳು. ಚೆನ್ನಾಗಿದೆ ಎಂದು ಅರ್ಥ. ಆ ಮಾತನ್ನು ಹೆಂಡತಿಗೆ ಫೋನಿನಲ್ಲಿ ಎರಡು ಸಲ ಹೇಳಿದೆ.

ಜನವರಿಯಲ್ಲಿ ಒಂದು ಸಂಜೆ ಮಳೆ ಹಿಡಿಯಿತು. ಮೋಡ ಕಂಡಾಗಲೇ ಟೆಂಟಿನವರೆಲ್ಲ ಪಟ್ಟಣಕ್ಕೆ ಹೊರಟುಹೋಗಿದ್ದರು. ನಾವು ಕೋಟುಗಳ ಮೇಲೆ ಪ್ಲಾಸ್ಟಿಕ್ ಹೊದೆಸಿದೆವು. ಗಾಳಿಗೆ ಕಂಬ ವಾಲತೊಡಗಿದಾಗ ಹಸನಬ್ಬಣ್ಣ ಹೊರಗೆ ನಿಂತು ಅದನ್ನು ಅಪ್ಪಿ ಹಿಡಿದರು. ಒಂದು ಫರ್ವಾ ಹಾಕಿಕೊಳ್ಳಿ ಎಂದೆ. “ಒದ್ದೆಯಾದ್ರೆ ಅರಬಾಬ್‌ಗೆ ಎಂತ ಹೇಳುದು?” ಎಂದು ಬರೀ ಅಂಗಿಯಲ್ಲೇ ನಿಂತರು.

ಬೆಳಗಾದಾಗ ಅವರಿಗೆ ಏಳಲಾಗಲಿಲ್ಲ. ಮೈ ಸುಡುತ್ತಿತ್ತು. ಉಸಿರು ಎಳೆದರೆ ಎದೆಯೊಳಗೆ ಏನೋ ಹರಿಯುವ ಸದ್ದು. ಪಿಕಪ್ ಕೆಸರಿನಲ್ಲಿ ಹೂತಿತ್ತು, ಹೂತಿರದಿದ್ದರೂ ನನಗೆ ಓಡಿಸಲು ಬಾರದು. ಅವರ ಫೋನು ನೆನೆದು ಸತ್ತಿತ್ತು. ನನ್ನದರಿಂದ ಆಂಬುಲೆನ್ಸಿಗೆ ಕರೆ ಮಾಡಿದೆ. ಎಲ್ಲಿದ್ದೀರಿ ಎಂದು ಹಿಂದಿಯಲ್ಲಿ ಸಮಾಧಾನದಿಂದಲೇ ಕೇಳಿದರು. ಬಂಟ್ವಾಳದಲ್ಲಾದರೆ ಇಂಥ ಕಟ್ಟೆ, ಇಂಥವರ ಗೇಟು ಎನ್ನುತ್ತಿದ್ದೆ. ಇಲ್ಲಿ ಎತ್ತ ನೋಡಿದರೂ ಒಂದೇ ಮರಳು. “ಟೆಂಟಿನಲ್ಲಿ” ಎಂದೆ. ಯಾವ ಟೆಂಟು, ಯಾವ ರಸ್ತೆ ಎಂದು ಅವರು ಕೇಳುತ್ತಿರುವಾಗಲೇ ಚಾರ್ಜು ಮುಗಿದು ಫೋನು ನಿಂತಿತು.

ಕೆಸರಿನಲ್ಲಿ ಟೆಂಟಿನಿಂದ ಟೆಂಟಿಗೆ ಓಡಿದೆ. ಎಲ್ಲ ಖಾಲಿ. ಬಹಳ ದೂರದಲ್ಲಿ ಒಬ್ಬ ಮುದುಕ ಬಿದ್ದ ಟೆಂಟನ್ನು ಮಡಚುತ್ತಿದ್ದ. ಅವನಿಗೆ ಹಿಂದಿ ತಿಳಿಯದು. ಉದ್ದ, ಗಿಡ್ಡ ಎಂದು ಹೇಳಿ ಏನು ಪ್ರಯೋಜನ? ಅವನ ಕೈಯನ್ನು ನನ್ನ ಎದೆಯ ಮೇಲಿಟ್ಟು ಹಸನಬ್ಬಣ್ಣನ ಹಾಗೆ ಉಸಿರೆಳೆದು ತೋರಿಸಿದೆ. ಆತ ಹಗ್ಗ ಬಿಟ್ಟು ಜೀಪು ಹತ್ತಿದ.

ಇಬ್ಬರೂ ಸೇರಿ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಮುದುಕ ಪಕ್ಕದ ಬಾಗಿಲು ತೆರೆದು “ತಆಲ್” ಎಂದು ನನ್ನನ್ನು ಕರೆದ. ನಾನು ಟೆಂಟಿನತ್ತ ನೋಡಿದೆ. ಒಂದು ಬದಿ ಕುಸಿದಿತ್ತು, ಕೋಟುಗಳು ಬಯಲಿಗೆ ಬಿದ್ದಿದ್ದವು.

“ನೀನು ಇರು,” ಎಂದರು ಹಸನಬ್ಬಣ್ಣ. “ಮಾಲು ಯಾರು ನೋಡುದು?”

ನಾನು ಹತ್ತಲಿಲ್ಲ. ಜೀಪು ಹೋಯಿತು.

ಎರಡು ದಿನ ಒದ್ದೆ ಕುರಿಯ ವಾಸನೆಯ ನಡುವೆ ಕೋಟುಗಳನ್ನು ಮಗುಚಿ ಹಾಕುತ್ತ ಕುಳಿತೆ. ಅವರು ಬದುಕಿದ್ದಾರೋ ಇಲ್ಲವೋ ಕೇಳಲು ಒಬ್ಬರಿಲ್ಲ. ಯಾವ ಆಸ್ಪತ್ರೆ ಎಂದೂ ಗೊತ್ತಿಲ್ಲ. ಮೂರನೆಯ ದಿನ ಅರಬಾಬ್ ಬಂದ. ನ್ಯುಮೋನಿಯಾ, ಜೀವಕ್ಕೆ ಅಪಾಯವಿಲ್ಲ ಎಂದ. ನೋಡಿ ಬರುತ್ತೇನೆ ಎಂದೆ. ಬೇರೆ ಜನ ಸಿಗಲಿ ಎಂದ. ಜನ ಸಿಗುವಷ್ಟರಲ್ಲಿ ಹಸನಬ್ಬಣ್ಣ ವಿಮಾನ ಹತ್ತಿ ಊರಿಗೆ ಹೋಗಿಯಾಗಿತ್ತು.

ಮೇ ತಿಂಗಳ ರಜೆಯಲ್ಲಿ ಬಂದವನು ಉಪ್ಪಿನಂಗಡಿಗೆ ಹೋದೆ. ಮನುಷ್ಯ ಅರ್ಧವಾಗಿದ್ದರು. ನಾಲ್ಕು ಹೆಜ್ಜೆಗೆ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಅಂಗಡಿ, ಟೆಂಟು, ಯಾರು ಯಾರು ಬಂದಿದ್ದರು ಎಂದು ಒಂದೊಂದಾಗಿ ಕೇಳಿದರು. ಅವರ ಹೆಂಡತಿ ಚಾ ಇಟ್ಟು, “ದಿನ ಇಡೀ ಅಲ್ಲಿಯದ್ದೇ ಮಾತು. ಅಲ್ಲಿದ್ದಾಗ ಫೋನಿನಲ್ಲಿ ಇಲ್ಲಿಯದ್ದೇ ಮಾತು,” ಎಂದರು.

ಆಕೆ ಒಳಗೆ ಹೋದ ಮೇಲೆ ನಾನು, “ಆ ದಿನ ನಾನು ಜೀಪು ಹತ್ತಬೇಕಿತ್ತು ಹಸನಬ್ಬಣ್ಣ,” ಎಂದೆ.

ಅವರು ಚಾ ಕುಡಿದು ಮುಗಿಸಿದರು. “ಹತ್ತಿದ್ರೂ ಎಂತ ಮಾಡ್ತಿದ್ದಿ?” ಎಂದರು ಆಮೇಲೆ. “ಬದಿಯಲ್ಲಿ ಕೂರ್ತಿದ್ದಿ.” ಲೋಟವನ್ನು ಬದಿಗೆ ಸರಿಸಿ ಹೇಳಿದರು: “ಕೂತಿದ್ರೆ ಒಳ್ಳೇದಿತ್ತು.”



ಹೊರಟಾಗ ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದರು. ಆಕೆಯೂ ಹಿಂದೆ ಬಂದು ನಿಂತರು.

“ಮುಟ್ಟಿದ ಕೂಡ್ಲೇ ಒಂದು ಫೋನ್ ಮಾಡು.”

“ಬಂಟ್ವಾಳಕ್ಕೆ ಎಷ್ಟು ಹೊತ್ತು ಹಸನಬ್ಬಣ್ಣ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ,” ಎಂದೆ.

“ಬಂಟ್ವಾಳಕ್ಕೆ ಅಲ್ಲ ಮಾರಾಯ,” ಎಂದರು. “ನಮ್ಮಲ್ಲಿಗೆ, ಮುಹರ್ರಕ್‌ಗೆ ಮುಟ್ಟಿದ ಮೇಲೆ.”

ಆಕೆ ಗಂಡನ ಮುಖ ನೋಡಿದರು. ಹಸನಬ್ಬಣ್ಣನಿಗೆ ಅದು ಗೊತ್ತಾಗಲಿಲ್ಲ. ಮಾಡುತ್ತೇನೆ ಎಂದು ಹೇಳಿ ನಾನು ಬಸ್ಸಿನ ಕಡೆ ನಡೆದೆ.